ಹಸಿರು ಮನೆಯ ಬಚ್ಚಲೊಲೆ

ಪತ್ರಿಕೆಗೆ ಹೊಸದಾಗಿ ಸೇರಿ ತಾಲೂಕಿನ ವರದಿಗಾರಿಕೆಗೆ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಕೇಳುವುದು ಹೆಚ್ಚಾಗಿ ರಾಜಕಾರಣಿಗಳ ಬಗ್ಗೆ. ಯಾರು ಯಾರಿಗೆ ಬೈದರು, ಯಾವ ಅಧಿಕಾರಿ ಯಾವ ಸಭೆಯಲ್ಲಿ ನಿದ್ದೆ ಹೋದರು. ಎಲ್ಲ ನೆನಪಿದೆ, ಆದರೆ ಉಪಯೋಗವಿಲ್ಲ. ನಿದ್ದೆ ಮಾಡುವವರು ಬದಲಾಗುತ್ತಾರೆ, ಸಭೆ ಹಾಗೆಯೇ ಇರುತ್ತದೆ. ಅವರು ಕೇಳದೆ ಬಿಡುವ ಒಂದು ವಿಷಯವಿದೆ, ಅದು ಪರಿಸರ ಸುದ್ದಿ. ಪುತ್ತೂರಿನಲ್ಲಿ ಕುಳಿತು ಸುಳ್ಯ, ಕಡಬಗಳನ್ನೂ ಸೇರಿಸಿ ನೋಡಿಕೊಳ್ಳುತ್ತಿದ್ದ ನನಗೆ ನಿವೃತ್ತಿಯ ಮುಂಚಿನ ವರ್ಷಗಳಲ್ಲಿ ಅತಿ ಹೆಚ್ಚು ಪಾಠ ಕಲಿಸಿದ್ದು ಅದೇ.

ಮೊದಲು ಆ ಸುದ್ದಿ ಹೇಗಿತ್ತು ಎಂದು ಹೇಳುತ್ತೇನೆ. ನಾನು ಕೆಲಸ ಶುರು ಮಾಡಿದಾಗ ಬರೆದ ಹಾಳೆಗಳನ್ನು ಕವರಿಗೆ ಹಾಕಿ ಮಂಗಳೂರಿನ ಬಸ್ಸಿನ ಕಂಡಕ್ಟರರ ಕೈಗೆ ಕೊಡುತ್ತಿದ್ದೆವು. ಸಸಿ ನೆಟ್ಟ ಸುದ್ದಿಯ ಕವರು ಬಸ್ಸಿನಲ್ಲಿಯೇ ಉಳಿದು ವಾಪಸ್ ಬಂದರೆ ನಮಗಾಗಲಿ ಮಂಗಳೂರಿನ ಡೆಸ್ಕಿನವರಿಗಾಗಲಿ ಬೇಸರವಿರಲಿಲ್ಲ. ಮರುವರ್ಷ ಅದೇ ಸುದ್ದಿ ಬರುತ್ತಿತ್ತು. ಈಗ ವಾಟ್ಸಾಪಿನಲ್ಲಿ ಸಸಿ ನೆಡುವ ಮೊದಲೇ ಫೋಟೊ ಬರುತ್ತದೆ. ಸುಳ್ಯದಲ್ಲಿ ಒಂದು ಸಂಘದವರು ಪ್ಲಾಸ್ಟಿಕ್ ವಿರೋಧಿಸಿ ಬಟ್ಟೆಯ ಚೀಲ ಹಂಚಿದ ಸಮಾರಂಭಕ್ಕೆ ನಾನು ಹೋಗಿದ್ದೆ. ಪ್ರತಿಯೊಂದು ಚೀಲವೂ ಚಂದದ ಪ್ಲಾಸ್ಟಿಕ್ ಕವರಿನೊಳಗೆ ಬಂದಿತ್ತು. ಸಭೆ ಮುಗಿದ ಮೇಲೆ ಕವರುಗಳು ಕುರ್ಚಿಯ ಕೆಳಗೆ, ಚೀಲಗಳು ಕಂಕುಳಲ್ಲಿ. ಸಂಘಟಕರ ಹತ್ತಿರ ಕೇಳಿದೆ. ‘ಕವರ್ ಇಲ್ಲದಿದ್ದರೆ ಚೀಲ ಕೊಳೆ ಆಗ್ತದಲ್ಲ ಮಾರಾಯ್ರೆ,’ ಎಂದರು. ಉತ್ತರ ಪ್ರಾಮಾಣಿಕವಾಗಿತ್ತು. ಅವರಿಗೆ ಅದರಲ್ಲಿ ಯಾವ ವಿರೋಧವೂ ಕಂಡಿರಲಿಲ್ಲ.

ಹೀಗಿರುವಾಗ ನಮ್ಮ ಸುದ್ದಿ ಸಂಪಾದಕರಿಗೆ ಒಂದು ಆಲೋಚನೆ ಹೊಳೆಯಿತು. ವಾರಕ್ಕೊಂದು ಮನೆಯನ್ನು ಪರಿಚಯಿಸುವ ‘ಹಸಿರು ಮನೆ’ ಎಂಬ ಅಂಕಣ. ನೀರು, ಕಸ, ವಿದ್ಯುತ್ತು, ಮರ, ಎಲ್ಲದರಲ್ಲಿಯೂ ಮಾದರಿಯಾದ ಮನೆ ಬೇಕು. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬಾಗಿಲು ತೆರೆದಿಟ್ಟೇ ಮಾತಾಡುವ ಅಭ್ಯಾಸ ಅವರದ್ದು. ಅವರ ನಂಬಿಕೆ ಸರಳವಾಗಿತ್ತು: ಒಂದು ವಿಷಯದಲ್ಲಿ ಪರಿಸರಕ್ಕೆ ಒಳ್ಳೆಯದು ಮಾಡುವವನು ಉಳಿದದ್ದರಲ್ಲಿಯೂ ಮಾಡುತ್ತಾನೆ. ನನಗೂ ಆಗ ಬೇರೆ ಅಭಿಪ್ರಾಯವಿರಲಿಲ್ಲ.

ಮೊದಲ ಮನೆ ಹುಡುಕಿದ್ದು ಕಡಬದಿಂದ ಒಳಗೆ, ಜೀಪಿನಲ್ಲಿ ಹೋಗಬೇಕಾದ ಒಂದು ಗ್ರಾಮದಲ್ಲಿ. ಮನೆಯವರು ಬೆಳ್ಯಪ್ಪಣ್ಣ, ಅವರ ಹೆಂಡತಿ ಸೀತಕ್ಕ. ರಬ್ಬರು, ಸ್ವಲ್ಪ ತೋಟ, ನಾಲ್ಕು ದನ. ಬೆಳ್ಯಪ್ಪಣ್ಣ ಹಿತ್ತಿಲಿಡೀ ಇಂಗುಗುಂಡಿ ತೋಡಿದ್ದರು. ಅಡುಗೆಗೆ ಗೋಬರ್ ಗ್ಯಾಸು. ಅಕ್ಕಿ ತೊಳೆದ ನೀರು ದನಕ್ಕೆ, ದನದ ಹಟ್ಟಿ ತೊಳೆದ ನೀರು ಬಾಳೆಗೆ. ಊಟಕ್ಕೆ ಜನ ಬಂದರೆ ಬಾಳೆ ಎಲೆ, ಇಲ್ಲದಿದ್ದರೆ ಅಡಿಕೆಯ ಹಾಳೆತಟ್ಟೆ. ಅಂಗಳದಲ್ಲಿ ನಳ್ಳಿ ತೊಟ್ಟಿಕ್ಕುವ ಸದ್ದು ಕೇಳಿದರೆ ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗುವ ಮನುಷ್ಯ. ಬರೆದುಕೊಳ್ಳುತ್ತ ನನ್ನ ಕೈ ಸೋತಿತು.

ಮಳೆಗಾಲ. ಬೈಕಿನಲ್ಲಿ ಬಂದ ನಮ್ಮ ಫೋಟೊಗ್ರಾಫರ್ ನೆನೆದಿದ್ದರು. ‘ಬಿಸಿನೀರಲ್ಲಿ ಮೈ ತೊಳೀರಿ, ಹಂಡೆಗೆ ಬೆಂಕಿ ಹಾಕ್ತೇನೆ,’ ಎಂದು ಸೀತಕ್ಕ ಬಚ್ಚಲಿಗೆ ಹೋದರು. ನಾನೂ ಒಲೆಯ ಹತ್ತಿರ ಕೈ ಕಾಯಿಸಲು ಹೋದೆ. ಒಲೆಯ ಪಕ್ಕದ ಗೂಡಿನಲ್ಲಿ ಎಣ್ಣೆಯ ಪ್ಲಾಸ್ಟಿಕ್ ತೊಟ್ಟೆ, ಬಿಸ್ಕತ್ತಿನ ತೊಟ್ಟೆ, ಅಂಗಡಿಯ ಸಾಮಾನಿನ ತೊಟ್ಟೆಗಳೆಲ್ಲ ಮಡಚಿ, ಒಂದರ ಮೇಲೊಂದು ಅಚ್ಚುಕಟ್ಟಾಗಿ ಇಟ್ಟಿದ್ದವು. ಸೀತಕ್ಕ ಎರಡು ತೊಟ್ಟೆ ತೆಗೆದು ಒಲೆಗೆ ತುರುಕಿ ಕಡ್ಡಿ ಗೀರಿದರು. ಕಪ್ಪು ಹೊಗೆ ಎದ್ದಿತು.

‘ಇದೆಂತ ಸೀತಕ್ಕ, ಪ್ಲಾಸ್ಟಿಕ್ ಸುಡುದಾ?’ ಎಂದೆ.

‘ಮತ್ತೆ? ಮಳೆಗೆ ತೆಂಗಿನ ಮಡಲೆಲ್ಲ ನೆನ್ದು ಚಂಡಿ. ಎಣ್ಣೆ ತೊಟ್ಟೆ ಒಂದು ಇಟ್ರೆ ಭಗ್ಗ ಹಿಡೀತದೆ ನೋಡಿ.’

ಬೆಳ್ಯಪ್ಪಣ್ಣ ಹಿಂದಿನಿಂದ ಹೆಮ್ಮೆಯಲ್ಲಿ ಸೇರಿಸಿದರು: ‘ನಮ್ಮ ಮನೆಯಿಂದ ಒಂದು ತುಂಡು ಕಸ ಹೊರಗೆ ಹೋಗುದಿಲ್ಲ. ಎಲ್ಲ ಇಲ್ಲಿಯೇ ಉಪಯೋಗ ಆಗ್ತದೆ.’

ಅವರ ಲೆಕ್ಕದಲ್ಲಿ ಅದು ಗೋಬರ್ ಗ್ಯಾಸಿನ ಜಾತಿಗೇ ಸೇರಿದ ಕೆಲಸ. ಹಿರಿಯರು ಕಲಿಸಿದ್ದು ಏನನ್ನೂ ಬಿಸಾಡಬಾರದು ಎಂದು. ಹಿರಿಯರ ಕಾಲದಲ್ಲಿ ಒಲೆಗೆ ಹೋಗುತ್ತಿದ್ದದ್ದು ಕರಟ, ಸಿಪ್ಪೆ. ಈಗ ಎಣ್ಣೆಯ ತೊಟ್ಟೆಯೂ ಅದೇ ದಾರಿ ಹಿಡಿದಿದೆ, ಅಷ್ಟೆ.

ಆ ಮನೆಯಿಂದ ಇಳಿದು ಬರುವಾಗ ಚಂದ್ರಾವತಿ ಸಿಕ್ಕಿದರು. ಗ್ರಾಮ ಪಂಚಾಯತಿಯ ಒಣಕಸದ ಗಾಡಿಯ ಡ್ರೈವರ್. ಮಹಿಳೆಯರ ಸ್ವಸಹಾಯ ಗುಂಪಿನಿಂದ ಡ್ರೈವಿಂಗ್ ಕಲಿಯಲು ಹೆಸರು ಕೊಟ್ಟಾಗ ಇಡೀ ಓಣಿ ನಕ್ಕಿತ್ತಂತೆ. ಗಂಡ ನಗಲಿಲ್ಲ, ಸಿಟ್ಟು ಮಾಡಿದ್ದ. ಲೈಸನ್ಸ್ ಬಂದ ಮೇಲೆ ಅವನನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನದಿಂದ ಸಿಟ್ಟು ಇಳಿದಿತ್ತು. ಈಗ ಮನೆ ನಡೆಯುವುದು ಅವರ ಸಂಬಳದಲ್ಲಿ. ಅಂದು ಅವರ ಗಾಡಿ ಹೆಚ್ಚುಕಡಿಮೆ ಖಾಲಿ ಇತ್ತು.

‘ಬೆಳ್ಯಪ್ಪಣ್ಣನ ಮನೆಗೆ ಬಂದದ್ದಾ? ಎಂತ, ಪ್ರಶಸ್ತಿಯಾ?’ ಎಂದರು.

‘ಪೇಪರಲ್ಲಿ ಹಾಕ್ಲಿಕ್ಕೆ.’

‘ಹಾಕಿ, ಹಾಕಿ. ಮೇಲಿನ ಮನೆಯವರೆಲ್ಲ ಅಷ್ಟೇ ಒಳ್ಳೆಯವರು. ಹಾರ್ನ್ ಹಾಕಿದ್ರೆ ಬಂದು ಮಾತಾಡ್ತಾರೆ, ಬಾಳೆಗೊನೆ ಕೊಡ್ತಾರೆ, ಚಾ ಕೊಡ್ತಾರೆ. ಕಸ ಮಾತ್ರ ಕೊಡುದಿಲ್ಲ. ಕಸ ಬರದಿದ್ರೆ ಈ ರೂಟಿಗೆ ಗಾಡಿ ಯಾಕೆ ಅಂತ ಪಂಚಾಯತ್‌ನವ್ರು ಕೇಳಿದ್ದಾರೆ. ಮುಂದಿನ ಗ್ರಾಮಸಭೆಯವರೆಗೆ ನೋಡ್ತಾರಂತೆ. ಆಮೇಲೆ ಪೇಟೆಯ ಅಂಗಡಿ ಮಾತ್ರ. ಅದಕ್ಕೆ ಹ್ಯಾಂಡ್‌ಕಾರ್ಟಿನವ ಸಾಕು, ನಾನು ಎಂತಕ್ಕೆ?’

ಚಂದ್ರಾವತಿಯ ಕೆಲಸ ನಿಂತಿದ್ದದ್ದು ಊರಿನ ಬಚ್ಚಲೊಲೆಗಳ ಮೇಲೆ. ನಾನು ಅದನ್ನು ಹಾಗೆಯೇ ಬರೆದು ಕಳಿಸಿದೆ: ಇಂಗುಗುಂಡಿ, ಗೋಬರ್ ಗ್ಯಾಸು, ಒಲೆ, ಖಾಲಿ ಗಾಡಿ. ಡೆಸ್ಕಿನವರು ‘ನಕಾರಾತ್ಮಕ ಬೇಡ’ ಎಂದು ಒಲೆಯನ್ನೂ ಗಾಡಿಯನ್ನೂ ತೆಗೆದರು. ‘ಒಂದು ತುಂಡು ಕಸ ಹೊರಗೆ ಹೋಗುವುದಿಲ್ಲ’ ಎಂಬ ಬೆಳ್ಯಪ್ಪಣ್ಣನ ಮಾತು ಉಳಿಯಿತು. ಅದರಿಂದ ಉಪಸಂಪಾದಕರೊಬ್ಬರು ಶೀರ್ಷಿಕೆ ಹುಟ್ಟಿಸಿದರು: ‘ಪ್ಲಾಸ್ಟಿಕ್ ಕಾಲಿಡದ ಮನೆ’. ಫೋಟೊದಲ್ಲಿ ದಂಪತಿಯ ಹಿಂದೆ ಬಚ್ಚಲ ಹೊಗೆ ಚಂದವಾಗಿ ಏಳುತ್ತಿತ್ತು. ಮಂಜು ಎಂದು ಓದುಗರು ತಿಳಿದರು. ಬೆಳ್ಯಪ್ಪಣ್ಣ ಪತ್ರಿಕೆಯ ತುಂಡಿಗೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದರು.

ಎರಡನೆಯ ಮನೆ ಪುತ್ತೂರು ಪೇಟೆಯ ಅಂಚಿನಲ್ಲಿ, ನಿವೃತ್ತರಾದ ವಿಮಲಾ ಟೀಚರದ್ದು. ಅಲ್ಲಿ ಹಾಲಿನ ತೊಟ್ಟೆ ತೊಳೆದು, ಒಣಗಿಸಿ, ಕ್ಲಿಪ್ ಹಾಕಿ ಇಡುತ್ತಿದ್ದರು. ಹಸಿ, ಒಣ, ಗಾಜು, ಹಳೆ ಬ್ಯಾಟರಿ, ಎಲ್ಲಕ್ಕೂ ಬೇರೆ ಬೇರೆ ಬಕೆಟು. ಬಟ್ಟೆಚೀಲ ಇಲ್ಲದೆ ಗೇಟು ದಾಟಿದವರಲ್ಲ. ನಾನು ಹೋದಾಗ ಪೈಪು ಹಿಡಿದು ಇಂಟರ್‌ಲಾಕ್ ಹಾಕಿದ ಅಂಗಳ ತೊಳೆಯುತ್ತಿದ್ದರು. ಅಂಗಳ ಆದ ಮೇಲೆ ಕಾರು, ಕಾರಾದ ಮೇಲೆ ಗೇಟು, ಗೇಟಿನಾಚೆ ಪಂಚಾಯತಿಯ ರಸ್ತೆ. ಮೊದಲು ಅಲ್ಲಿ ಮಾವಿನ ಮರವಿತ್ತಂತೆ. ಎಲೆ ಬಿದ್ದು ಗಲೀಜಾಗುತ್ತದೆಂದು ಕಡಿಸಿದ್ದರು.

‘ಇಷ್ಟು ನೀರು ಬೇಕಾ ಟೀಚರ್?’

‘ನಮ್ಮದೇ ಬೋರಿನ ನೀರಲ್ವಾ?’ ಎಂದರು, ಮಕ್ಕಳಿಗೆ ಉತ್ತರ ಹೇಳಿಕೊಡುವ ದನಿಯಲ್ಲಿ.

ಬೆಳ್ಯಪ್ಪಣ್ಣ ಈ ಅಂಗಳ ನೋಡಿದ್ದರೆ ಪೈಪು ಕಿತ್ತುಕೊಳ್ಳುತ್ತಿದ್ದರು. ಟೀಚರು ಆ ಒಲೆ ನೋಡಿದ್ದರೆ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಇಬ್ಬರೂ ಪರಿಸರದ ವಿಷಯದಲ್ಲಿ ತಮ್ಮಷ್ಟು ಶುದ್ಧರು ಬೇರೆ ಇಲ್ಲವೆಂದು ತಿಳಿದವರು.

ಮುಂದೆ ಎಷ್ಟು ಮನೆ ಹತ್ತಿ ಇಳಿದರೂ ಸಂಪಾದಕರು ಕೇಳಿದ ಮನೆ ಸಿಗಲಿಲ್ಲ. ಆದರೆ ಒಂದು ಕ್ರಮ ಕಾಣತೊಡಗಿತು. ಈ ಅಭ್ಯಾಸಗಳು ಒಂಟಿಯಾಗಿ ಬರುವುದಿಲ್ಲ, ಎಲ್ಲವೂ ಒಟ್ಟಿಗೆ ಬರುವುದೂ ಇಲ್ಲ. ಕಟ್ಟು ಕಟ್ಟಾಗಿ ಬರುತ್ತವೆ. ಇಂಗುಗುಂಡಿ ಇರುವಲ್ಲಿ ಸಾಮಾನ್ಯವಾಗಿ ಗೊಬ್ಬರದ ಗುಂಡಿಯೂ ಇರುತ್ತಿತ್ತು, ಹರಿದ ಬಟ್ಟೆ ಒರೆಸುಬಟ್ಟೆಯಾಗುತ್ತಿತ್ತು. ಅದು ಹಿರಿಯರಿಂದ ಬಂದ ಕಟ್ಟು. ಕಸ ಬೇರ್ಪಡಿಸುವ ಮನೆಯಲ್ಲಿ ಸೋಲಾರು, ಎಲ್‌ಇಡಿ ಬಲ್ಬು ಇರುತ್ತಿತ್ತು. ಅದು ಪೇಟೆಯಿಂದ, ಮಕ್ಕಳ ಶಾಲೆಯಿಂದ ಬಂದದ್ದು. ಸಸಿ, ಜಾಥಾ, ಬಟ್ಟೆಚೀಲ ಹಂಚುವುದು ಒಟ್ಟಿಗೆ ಇರುತ್ತಿತ್ತು, ಫೋಟೊಗ್ರಾಫರ್ ಜೊತೆಗಿದ್ದರೆ. ಒಂದು ಕಟ್ಟು ಇದೆ ಎಂದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದಿಲ್ಲ. ಒಂದರಲ್ಲಿ ಗಟ್ಟಿ ಇದ್ದವರು ತಮ್ಮ ಪಾಲಿನದ್ದು ಮುಗಿಯಿತೆಂದು ಇನ್ನೊಂದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಸ ಕೊಡುವ ಮನೆ ಯಾವುದೆಂದು ತಿಳಿಯಲು ಮನಸ್ಸು ಬಗೆದು ನೋಡಬೇಕಾಗಿರಲಿಲ್ಲ. ಮಾಡಿನ ಮೇಲೆ ಸೋಲಾರ್ ಬಿಸಿನೀರಿನ ಟ್ಯಾಂಕಿ ಇದೆಯೋ ಎಂದು ನೋಡಿದರೆ ಬಹುಮಟ್ಟಿಗೆ ಸಾಕಿತ್ತು. ಒಲೆಯೇ ಇಲ್ಲದವನು ತೊಟ್ಟೆಯನ್ನು ಎಲ್ಲಿ ಸುಡುತ್ತಾನೆ?

ಇದನ್ನು ಸಂಪಾದಕರಿಗೆ ಹೇಳಿದೆ. ‘ಶೀರ್ಷಿಕೆ ಏನು?’ ಎಂದರು. ‘ಪೂರ್ತಿ ಹಸಿರು ಮನೆ ಇಲ್ಲ,’ ಎಂದೆ. ‘ಜಾಹೀರಾತು ಬಂದಾಗಿದೆ, ಇದೆ ಅಂತ ಬರೆಯಿರಿ,’ ಎಂದರು. ಅಂಕಣ ಇನ್ನೂ ಕೆಲವು ವಾರ ಓಡಿತು.

ಮಳೆ ಹೋದ ಮೇಲೆ ಬೆಳ್ಯಪ್ಪಣ್ಣ ಫೋನು ಮಾಡಿ ತಮ್ಮ ತೋಡಿಗೆ ಕಟ್ಟ ಕಟ್ಟುವುದನ್ನು ನೋಡಲು ಕರೆದರು. ವರ್ಷಕ್ಕೊಮ್ಮೆ ಹೊಳೆಗೆ ಅಡ್ಡ ಹಾಕುವ ಈ ತಾತ್ಕಾಲಿಕ ಒಡ್ಡಿನ ಬಗ್ಗೆ ಆ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಅದು ನಿಂತರೆ ಬೇಸಗೆಯಲ್ಲಿ ಸುತ್ತಲಿನ ಬಾವಿಗಳಲ್ಲಿ ನೀರು ಉಳಿಯುತ್ತದೆ. ಮನೆಗೊಬ್ಬರು ಬಂದಿದ್ದರು. ಬಾರದವರ ಮನೆಗೆ ಕೂಗು ಹೋಗುತ್ತಿತ್ತು: ‘ನಿನ್ನ ಬಾವಿಗೆ ನೀರು ಬೇಡ್ವಾ?’ ಎರಡು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಗೋಣಿಯ ಎರಡು ತುದಿ ಹಿಡಿದಿದ್ದರು. ಮಾತಾಡಲಿಲ್ಲ, ಗೋಣಿ ಮಾತ್ರ ದಾಟಿಸಿದರು. ಆ ಗೋಣಿಗಳು ಮರಳು ತುಂಬಿದ ಪ್ಲಾಸ್ಟಿಕ್ ಗೊಬ್ಬರದ ಚೀಲಗಳು. ಮಳೆ ಬಂದಾಗ ಅವು ಹರಿದು ಕುಮಾರಧಾರೆಗೆ, ಅಲ್ಲಿಂದ ಉಪ್ಪಿನಂಗಡಿಯ ಸಂಗಮಕ್ಕೆ ಯಾತ್ರೆ ಹೊರಡುತ್ತವೆ. ಅದನ್ನು ಹೇಳಿದಾಗ ಬೆಳ್ಯಪ್ಪಣ್ಣ, ‘ಅಲ್ಲಿಯವ್ರು ನೋಡಿಕೊಳ್ಳಲಿ, ನಾವು ನೀರು ನಿಲ್ಸಿ ಕೊಡ್ಲಿಲ್ವಾ?’ ಎಂದರು.

ಅಲ್ಲಿ ನಾನು ಗಮನಿಸಿದ್ದು ಇಷ್ಟು: ಈ ಜನ ಒಬ್ಬೊಬ್ಬರೇ ಮನೆಯಲ್ಲಿ ಮಾಡುವ ಕೆಲಸ ಬೇರೆ, ನಾಲ್ಕು ಜನ ನೋಡುತ್ತಿರುವಾಗ ಮಾಡುವ ಕೆಲಸ ಬೇರೆ. ತೊಟ್ಟೆ ಸುಡುವುದು ಬಚ್ಚಲಿನ ಕೆಲಸ. ಬಚ್ಚಲಿನೊಳಗೆ ಯಾರೂ ಇಣುಕುವುದಿಲ್ಲ.

ಗ್ರಾಮಸಭೆ ಹತ್ತಿರ ಬರುವಾಗ ಚಂದ್ರಾವತಿಗೆ ಇನ್ನೊಂದು ಪೆಟ್ಟು ಬಿತ್ತು. ಮೇಲಿನ ಮನೆಗಳಿಗೆ ಹೋಗುವ ರಸ್ತೆಯನ್ನು ಮೋರಿ ಹಾಕಲೆಂದು ಅಗೆದು ಗುತ್ತಿಗೆದಾರ ಕಾಣೆಯಾದ. ದ್ವಿಚಕ್ರ ವಾಹನ ದಾಟುತ್ತಿತ್ತು, ಗಾಡಿ ದಾಟುತ್ತಿರಲಿಲ್ಲ. ರೂಟಿಗೆ ಹೋಗದಿದ್ದರೆ ಕಸವಿಲ್ಲ, ಕಸವಿಲ್ಲದಿದ್ದರೆ ರೂಟಿಲ್ಲ. ಫೋನಿನಲ್ಲಿ ಅವರು ಗುತ್ತಿಗೆದಾರನ ವಂಶಾವಳಿಯನ್ನು ಹೇಳಿದ್ದನ್ನು ನಾನು ಇಲ್ಲಿ ದಾಖಲಿಸುವುದಿಲ್ಲ.

ಬೇರೆ ದಾರಿ ಇಲ್ಲದೆ ಅವರು ಗಾಡಿಯನ್ನು ಮೋರಿಗಿಂತ ಕೆಳಗೆ, ಹಾಲಿನ ಸೊಸೈಟಿಯ ಎದುರು ನಿಲ್ಲಿಸಿದರು. ಅಲ್ಲಿ ಮಾತ್ರ ಗಾಡಿ ತಿರುಗಿಸಲು ಜಾಗವಿತ್ತು. ಬೆಳಗ್ಗೆ ಮೇಲಿನ ಮನೆಯವರೆಲ್ಲ ಕ್ಯಾನು ಹಿಡಿದು ಹಾಲು ಹಾಕಲು ಬರುವ ಹೊತ್ತು ಅದು. ಮೊದಲ ದಿನಗಳಲ್ಲಿ ಚಂದ್ರಾವತಿ ಎಲ್ಲರ ತಮಾಷೆಗೆ ಆಹಾರವಾದರು.

‘ಎಂತ ಚಂದ್ರಾವತಿ, ನೀನೂ ಹಾಲು ಹಾಕ್ಲಿಕ್ಕಾ?’

‘ಹೌದು, ಗಾಡಿ ಕರೀಲಿಕ್ಕೆ ಆಗ್ಲಿಲ್ಲ, ನೀವು ಬಂದು ಕರೀರಿ.’

ತಮಾಷೆ ಮಾಡಿ ಸುಮ್ಮನಿದ್ದರೆ ಸಾಲದೆಂದು ಒಬ್ಬ ಹೆಂಗಸು ಮರುದಿನ ಒಂದು ಚೀಲ ಕಸ ತಂದರು. ಹಾಲು ಅಳೆಯುವ ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸವಿಲ್ಲ, ಎಲ್ಲರೂ ಆ ಚೀಲ ನೋಡಿದರು. ‘ಎಣ್ಣೆ ತೊಟ್ಟೆ ತೊಳ್ದೇ ತಂದದ್ದಾ? ಜಿಡ್ಡು ನೋಡು,’ ಎಂದು ಒಬ್ಬರು. ಅದರ ಮರುದಿನದ ತೊಟ್ಟೆಗಳು ತೊಳೆದು ಬಂದವು. ಮತ್ತೊಬ್ಬರು ತಂದ ಚೀಲದಲ್ಲಿ ಬಾಟಲಿಗಳು ಗಲಗಲ ಎಂದಾಗ, ‘ಓ, ಹಬ್ಬ ಭಾರೀ ಜೋರಾಗಿತ್ತು ಅಂತ ಕಾಣ್ತದೆ,’ ಎಂದು ನಗೆ. ಆತ ಮುಂದಿನ ಸಲ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದ. ಬರಿಗೈಯಲ್ಲಿ ಬಂದವರಿಗೂ ಬಿಡುಗಡೆ ಇರಲಿಲ್ಲ: ‘ನಿಮ್ಮ ಮನೆಯಲ್ಲಿ ಯಾರೂ ಬಿಸ್ಕತ್ತು ತಿನ್ನುದಿಲ್ವಾ ಮಾರಾಯ್ರೆ? ಅಷ್ಟು ಕಷ್ಟವಾ?’

ಯಾರೂ ಪರಿಸರದ ಹೆಸರೆತ್ತಲಿಲ್ಲ. ಬಚ್ಚಲಿನಲ್ಲಿದ್ದ ಕೆಲಸ ಬೀದಿಗೆ ಬಂದಿತ್ತು. ಕಟ್ಟಕ್ಕೆ ಬಾರದಿದ್ದರೆ ಹೇಗೆ ನಾಚಿಕೆಯೋ, ಚೀಲ ತಾರದಿದ್ದರೂ ಹಾಗೆಯೇ ಆಗತೊಡಗಿತು.

ತಪ್ಪಿಸಿಕೊಂಡು ಓಡಾಡಿದವರು ಬೆಳ್ಯಪ್ಪಣ್ಣ ಒಬ್ಬರೇ. ಅವರು ಚೀಲ ತರುವಂತಿರಲಿಲ್ಲ. ತಂದರೆ ‘ಪ್ಲಾಸ್ಟಿಕ್ ಕಾಲಿಡದ ಮನೆ’ಗೆ ಪ್ಲಾಸ್ಟಿಕ್ ಯಾವ ಬಾಗಿಲಿನಿಂದ ಬಂತು ಎಂಬ ಪ್ರಶ್ನೆ ಏಳುತ್ತಿತ್ತು. ತಾರದಿದ್ದರೆ ಬರಿಗೈಯವರಿಗೆ ಬೀಳುವ ಮಾತು. ಅವರ ಫೋನು ಬಂತು.

‘ನೀವು ಪೇಪರಲ್ಲಿ ಎಂತ ಹಾಕಿದ್ದು ಮಾರಾಯ್ರೆ? ಹಾಲು ಹಾಕ್ಲಿಕ್ಕೆ ಹೋಗ್ಲಿಕ್ಕೆ ಆಗುದಿಲ್ಲ. “ಓ, ಪೇಪರಿನವ್ರು ಬಂದ್ರು, ದಾರಿ ಬಿಡಿ” ಅಂತಾರೆ.’

‘ಶೀರ್ಷಿಕೆ ನನ್ನದಲ್ಲ ಬೆಳ್ಯಪ್ಪಣ್ಣ. ನಾನು ಒಲೆಯನ್ನೂ ಬರೆದಿದ್ದೆ.’

‘ಅದನ್ನು ಹಾಕಿದ್ರೆ ನಿಮ್ಮನ್ನು ನಾನು ಈ ಕಡೆ ಬರ್ಲಿಕ್ಕೇ ಬಿಡ್ತಿರ್ಲಿಲ್ಲ!’

ಮತ್ತೆ ದನಿ ತಗ್ಗಿಸಿ ಕೇಳಿದರು: ‘ಈಗ ಎಂತ ಮಾಡುದು?’

ವರದಿಗಾರ ಸಲಹೆ ಕೊಡಬಾರದು ಎಂದು ನಾನು ಕಲಿತದ್ದು. ಕೊಡಲಿಲ್ಲ. ಮರುದಿನ ಸೀತಕ್ಕ ಚೀಲ ಹಿಡಿದುಕೊಂಡು ಸೊಸೈಟಿಗೆ ಬಂದರೆಂದು ಚಂದ್ರಾವತಿ ತಿಳಿಸಿದರು. ಕೇಳಿದವರಿಗೆಲ್ಲ ‘ಇದು ನಂಟರು ತಂದದ್ದು’ ಎಂದರಂತೆ. ದಿನವೂ ನಂಟರು ಬರತೊಡಗಿದರು.

ಗ್ರಾಮಸಭೆಯನ್ನು ವರದಿ ಮಾಡಲು ನಾನು ಹೋದೆ. ಸದಸ್ಯರೊಬ್ಬರು ಎದ್ದು, ಮೇಲಿನ ರೂಟಿಗೆ ಗಾಡಿ ಹೋಗಿಯೇ ಇಲ್ಲ, ಹೋಗದ ಗಾಡಿಗೆ ಡೀಸೆಲ್ಲು, ಸಂಬಳ ಯಾಕೆ, ಪೇಟೆಗೆ ಮಾತ್ರ ಸಾಕು ಎಂದರು. ಮಾತು ನಿಯಮದ ಪ್ರಕಾರ ಸರಿಯಾಗಿತ್ತು. ಅಧ್ಯಕ್ಷರು ಚಂದ್ರಾವತಿಯ ಕಡೆ ನೋಡಿದರು. ಅವರು ಎದ್ದು ನಿಂತರು, ಸೆರಗು ಸರಿಮಾಡಿಕೊಂಡರು, ‘ರಸ್ತೆ ಅಗೆದದ್ದು ನಾನಲ್ಲ’ ಎಂದು ಒಂದೇ ಮಾತು ಹೇಳಿ ಕುಳಿತುಬಿಟ್ಟರು. ಗಾಡಿ ಹೋಯಿತೆಂದೇ ನಾನು ಬರೆದುಕೊಳ್ಳತೊಡಗಿದೆ.

ಹಿಂದಿನ ಸಾಲಿನಿಂದ ಬೆಳ್ಯಪ್ಪಣ್ಣ ಎದ್ದರು. ಸಿಟ್ಟಿನಲ್ಲಿದ್ದರು, ಬಹುಶಃ ಎಲ್ಲರ ಮೇಲೆ.

‘ಅಧ್ಯಕ್ಷರೇ, ಗಾಡಿ ನಿಲ್ಸುದಾದ್ರೆ ನಿಲ್ಸಿ. ನಾವೆಲ್ಲ ತೊಟ್ಟೆ ತೊಳ್ದು ಒಣಗ್ಸಿ ಇಟ್ಟಿದ್ದೇವೆ. ನಾಳೆ ಬೆಳಿಗ್ಗೆ ಅಷ್ಟನ್ನೂ ತಂದು ಈ ಪಂಚಾಯತ್ ಜಗಲಿಯಲ್ಲಿ ಹಾಕುದು. ನೀವೇ ಸುಡಿ.’

‘ನಿಮ್ಮ ಮನೆಗೆ ಪ್ಲಾಸ್ಟಿಕ್ ಬರುದಿಲ್ಲ ಅಂತ ಪೇಪರಲ್ಲಿ ಇತ್ತಲ್ಲ ಬೆಳ್ಯಪ್ಪಣ್ಣ?’ ಎಂದು ಆ ಸದಸ್ಯರು ಕೇಳಿದರು.

‘ಪೇಪರಲ್ಲಿ ಬಂದದ್ದೆಲ್ಲ ನಂಬುದಾ ನೀವು? ಈ ಮೋರಿ ಆಯ್ತು ಅಂತಲೂ ಬಂದಿತ್ತು!’

ನಗೆ ಎದ್ದಿತು. ನಗೆಯ ಮೇಲೆಯೇ ಮೇಲಿನ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಅಧ್ಯಕ್ಷರಿಗೆ ಜಗಲಿಯ ಚಿತ್ರ ಕಣ್ಣಿಗೆ ಕಟ್ಟಿರಬೇಕು. ಗಾಡಿ ಹಾಲಿನ ಸೊಸೈಟಿಯ ಎದುರು ನಿಲ್ಲುವುದನ್ನೇ ರೂಟು ಎಂದು ತೀರ್ಮಾನ ಬರೆಸಿದರು. ಚಂದ್ರಾವತಿ ಹೊರಗೆ ಬಂದು ಗಾಡಿಯ ಬಾಗಿಲಿಗೆ ಒರಗಿ ಬಹಳ ಹೊತ್ತು ನಿಂತರು. ಮಾತಾಡಿಸಲು ಹೋದೆ. ‘ಈಗ ಎಂತದೂ ಕೇಳ್ಬೇಡಿ,’ ಎಂದರು. ಕೇಳಲಿಲ್ಲ.

ಇದರಿಂದ ಬೆಳ್ಯಪ್ಪಣ್ಣ ಪೂರ್ತಿ ಹಸಿರಾದರು ಎಂದು ಬರೆದರೆ ಅದು ಡೆಸ್ಕಿನ ಶೀರ್ಷಿಕೆಯಾದೀತು. ಕಟ್ಟಕ್ಕೆ ಈಗಲೂ ಪ್ಲಾಸ್ಟಿಕ್ ಗೋಣಿಯೇ. ಹಟ್ಟಿಯ ಲೈಟು ಹಗಲೂ ಉರಿಯುತ್ತದೆ. ಬದಲಾದದ್ದು ಒಂದೇ ಕೆಲಸ, ಅದೂ ಮನಸ್ಸು ಬದಲಾಗಿ ಅಲ್ಲ, ಜಾಗ ಬದಲಾಗಿ. ಹೊಸಬರು ಯಾರಾದರೂ ಪರಿಸರದ ಬಗ್ಗೆ ಬರೆಯಲು ಹೊರಟರೆ ‘ನೀವು ಪರಿಸರಪ್ರೇಮಿಯೇ’ ಎಂದು ಕೇಳಬೇಡಿ. ಯಾರೂ ‘ಅಲ್ಲ’ ಎನ್ನುವುದಿಲ್ಲ. ಆ ಕೆಲಸವನ್ನು ಎಲ್ಲಿ ಮಾಡುತ್ತೀರಿ, ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳಿ. ಆಮೇಲೆ ಬಚ್ಚಲಿಗೂ ಒಮ್ಮೆ ಹೋಗಿ ಬನ್ನಿ.

ನಿವೃತ್ತಿಯಾದ ಮೇಲೆ ಒಮ್ಮೆ, ಮಳೆ ಹಿಡಿದ ಬೆಳಗ್ಗೆ, ಆ ಸೊಸೈಟಿಯ ಎದುರು ಇಳಿದಿದ್ದೆ. ಮೋರಿ ಮುಗಿದು ರಸ್ತೆ ಸರಿಯಾಗಿತ್ತು, ಗಾಡಿ ಮಾತ್ರ ಅಲ್ಲಿಯೇ ನಿಲ್ಲುತ್ತಿತ್ತು. ಸೀತಕ್ಕ ತೊಟ್ಟೆಯ ಚೀಲವನ್ನು ಚಂದ್ರಾವತಿಯ ಕೈಗೆ ಕೊಡುತ್ತಿದ್ದರು. ತೊಟ್ಟೆ ಎಲ್ಲ ಇಲ್ಲಿಗೆ ಬಂದರೆ ಈ ಮಳೆಯಲ್ಲಿ ಹಂಡೆಯ ಒಲೆ ಹೇಗೆ ಹಿಡಿಯುತ್ತದೆ ಎಂದು ಕೇಳಿದೆ.

‘ನಿಮ್ಮ ಪೇಪರ್ ಉಂಟಲ್ಲ, ಅದನ್ನೇ ಸುಡುದು,’ ಎಂದರು ಸೀತಕ್ಕ. ‘ಒಳ್ಳೆ ಹಿಡೀತದೆ.’

ಚಂದ್ರಾವತಿ ಚೀಲ ಕೆಳಗಿಟ್ಟು ತಿರುಗಿದರು. ‘ಎಂತದು, ಪೇಪರ್ ಸುಡುದಾ? ನಿಮ್ಗೆ ಮಂಡೆ ಸಮ ಉಂಟಾ ಸೀತಕ್ಕ? ಈ ತೊಟ್ಟೆಯನ್ನು ಗುಜರಿಯವ್ರು ಯಾರೂ ಮೂಸಿ ನೋಡುದಿಲ್ಲ. ಇಡೀ ಗಾಡಿಯಲ್ಲಿ ಒಳ್ಳೆ ರೇಟು ಇರುದು ಪೇಪರಿಗೆ. ನಾಳೆಯಿಂದ ಒಂದು ಹಾಳೆ ಸುಡ್ಬೇಡಿ!’

ನನ್ನ ಬರವಣಿಗೆಯ ಪರವಾಗಿ ಇಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ.